ಒಳ್ಳೆಮೆಣಸಿನ ಕಷಾಯ

ಮೊನ್ನೆ ಮಧ್ಯಾಹ್ನದ ನಮಾಜು ಮುಗಿಸಿ, ಪತ್ತಿರಿ ರೊಟ್ಟಿಗೆ ಅಕ್ಕಿ ನೆನೆಹಾಕಲು ಅಡುಗೆಮನೆಯ ಕಡೆಗೆ ಹೊರಟಿದ್ದೆ. ಬಾಗಿಲು ಅರ್ಧ ಮುಚ್ಚಿತ್ತು. ಒಳಗಿನಿಂದ ಚಹಾದ ಪರಿಮಳ ಬಂತು. ಬೇರೆ ತಿಂಗಳಾಗಿದ್ದರೆ ಅದರಲ್ಲಿ ಹೇಳುವಂಥದ್ದು ಏನೂ ಇಲ್ಲ. ಆದರೆ ಇದು ರಂಜಾನ್. ನೀವು ಉಪವಾಸ ಹಿಡಿದು ನೋಡಿದವರಾದರೆ ನಿಮಗೆ ಗೊತ್ತು, ಆ ಹೊತ್ತಿಗೆ ನಮ್ಮ ಮೂಗು ಬೆಕ್ಕಿನ ಮೂಗಾಗಿರುತ್ತದೆ. ಆಚೆ ಮನೆಯಲ್ಲಿ ಈರುಳ್ಳಿ ಹುರಿದರೂ ಹೊಟ್ಟೆಗೆ ಸುದ್ದಿ ಮುಟ್ಟುತ್ತದೆ. ಹಾಗಾಗಿ ಅದು ಶುಂಠಿ ಜಜ್ಜಿ ಹಾಕಿದ, ಹಾಲಿಲ್ಲದ ಕಟ್ಟನ್ ಚಹಾ ಎಂಬುದೂ ತಿಳಿದುಹೋಯಿತು.

ಮನೆಯಲ್ಲಿ ಆಗ ಇದ್ದದ್ದು ನಾನು ಮತ್ತು ನನ್ನ ಸೊಸೆ ಶಹನಾ. ತಿಂಗಳ ಆ ದಿನಗಳಲ್ಲಿ ಹೆಂಗಸರಿಗೆ ನಮಾಜೂ ಇಲ್ಲ, ಉಪವಾಸವೂ ಇಲ್ಲ. ಬಿಟ್ಟುಹೋದ ಉಪವಾಸವನ್ನು ಆಮೇಲೆ ಹಿಡಿದು ತೀರಿಸಿದರಾಯಿತು. ಅದು ಅಲ್ಲಾಹು ಕೊಟ್ಟ ರಿಯಾಯಿತಿ. ಆದರೂ ಮನೆಯವರ ಕಣ್ಣೆದುರು ತಿನ್ನಲು ಯಾರಿಗಾದರೂ ನಾಚಿಕೆ. ಎಲ್ಲರೂ ಮಲಗಿದ ಹೊತ್ತು ನೋಡಿ, ಬಾಗಿಲ ಮರೆಯಲ್ಲಿ ನಿಂತು ಒಂದು ಗುಟುಕು ಕುಡಿಯುವುದು ನಮ್ಮ ಮನೆಗಳಲ್ಲಿ ಹಿಂದಿನಿಂದ ಬಂದದ್ದೇ. ಇಷ್ಟೆಲ್ಲ ಗೊತ್ತಿದ್ದೂ ನನ್ನ ಮನಸ್ಸು ಆ ಕ್ಷಣದಲ್ಲಿ ಎಣಿಸಲು ಕುಳಿತಿತು. ಹೋದ ವಾರವಿಡೀ ಇವಳು ನಮಾಜಿನ ಚಾಪೆ ಹಾಸಿದ್ದಳು, ಇವತ್ತು ಬೆಳಗ್ಗೆಯೂ ಹಾಸಿದ್ದಳಲ್ಲ? ಹಾಗಾದರೆ ಈ ಚಹಾ ಯಾಕೆ?

ಕೈ ಬಾಗಿಲಿಗೆ ಹೋಗಿತ್ತು. ಅಷ್ಟರಲ್ಲಿ ನನಗೆ ಮಾಮಿಯ ಕೆಮ್ಮು ನೆನಪಾಯಿತು.

ಮಾಮಿ ಎಂದರೆ ನನ್ನ ಅತ್ತೆ. ಅವರು ಈಗ ಇಲ್ಲ, ಅಲ್ಲಾಹು ಅವರ ಕಬರನ್ನು ಬೆಳಗಲಿ. ನಾನು ಬಂದ್ಯೋಡಿನಿಂದ ಬದಿಯಡ್ಕದ ಈ ಮನೆಗೆ ಸೊಸೆಯಾಗಿ ಬಂದ ಮೊದಲ ರಂಜಾನಿನಲ್ಲಿ ಗಮನಿಸಿದ್ದು ಅವರ ಕೆಮ್ಮನ್ನು. ಹಜಾರದಲ್ಲಿ ಕೂತಾಗ ಇಲ್ಲ, ಹಿತ್ತಿಲಲ್ಲಿ ಇಲ್ಲ. ಅಡುಗೆಮನೆಯ ಬಾಗಿಲು ಹತ್ತಿರವಾದ ಕೂಡಲೇ ಶುರು. ಚಪ್ಪಲಿಯನ್ನು ಸರಬರ ಎಳೆಯುವುದು, ಗಂಟಲು ಸರಿಮಾಡುವುದು, ಮತ್ತೆ ಉದ್ದಕ್ಕೆ ಒಂದು ಕೆಮ್ಮು. ಅಡುಗೆಮನೆಯ ಹೊಗೆ ಇವರಿಗೆ ಆಗುವುದಿಲ್ಲ ಎಂದು ನಾನು ತೀರ್ಮಾನಿಸಿದೆ. ಹೊಸ ಸೊಸೆ ನೋಡಿ, ಒಳ್ಳೆಯ ಹೆಸರು ತೆಗೆದುಕೊಳ್ಳುವ ಅವಸರ. ಒಳ್ಳೆಮೆಣಸು, ಶುಂಠಿ, ಬೆಲ್ಲ ಹಾಕಿ ಕಷಾಯ ಕುದಿಸಿದೆ. ಕರಿಮೆಣಸಿಗೆ ನಮ್ಮ ಕಡೆ ಒಳ್ಳೆಮೆಣಸು ಎನ್ನುವುದು. ಉಪವಾಸ ಬಿಟ್ಟು ಮಗ್ರಿಬ್ ನಮಾಜು ಮುಗಿಸಿ ಬಂದವರ ಮುಂದೆ ಲೋಟ ಇಟ್ಟೆ.

"ಇದು ಎಂತ ಮಗಳೇ?"

"ನಿಮ್ಮ ಕೆಮ್ಮಿಗೆ, ಮಾಮಿ."

ಅವರು ಲೋಟ ನೋಡಿದರು, ನನ್ನನ್ನು ನೋಡಿದರು. ಬಿಸ್ಮಿ ಹೇಳಿ ಕುಡಿದರು. ಆ ತಿಂಗಳಿಡೀ ನಾನು ಕುದಿಸುತ್ತ ಹೋದೆ, ಅವರು ಕುಡಿಯುತ್ತ ಹೋದರು. ತಿಂಗಳ ಕೊನೆಯ ಪೆರ್ನಾಳ್ ಹಬ್ಬ ಕಳೆದದ್ದೇ ಕೆಮ್ಮು ನಿಂತಿತು. "ನೋಡಿದಿರಾ, ನನ್ನ ಮದ್ದು!" ಎಂದು ಗಂಡನ ಹತ್ತಿರ ಜಂಬ ಕೊಚ್ಚಿಕೊಂಡೆ. ಅವರು ತಾಯಿಯ ಮಗ, ನಕ್ಕರಷ್ಟೇ. ಅದು ರೋಗವಲ್ಲ, ಒಳಗಿರುವವರು ಬಾಯಿ ಒರೆಸಿಕೊಳ್ಳಲು ಕೊಟ್ಟ ಸಮಯ ಎಂದು ನನಗೆ ಹೊಳೆದದ್ದು ಮುಂದಿನ ರಂಜಾನಿನಲ್ಲಿ.

ಆ ವರ್ಷ ನಾನು ಬಸುರಿ. ಅದಕ್ಕೂ ಮುಂಚೆ ಒಮ್ಮೆ ಹೀಗೆಯೇ ಆಗಿ, ಊರಿಗೆಲ್ಲ ಹೇಳಿ, ಎಲ್ಲರೂ ಸಂತೋಷಪಟ್ಟ ಮೇಲೆ ಅದು ನಿಂತಿರಲಿಲ್ಲ. ಹೋದದ್ದರ ದುಃಖಕ್ಕಿಂತ ಸಮಾಧಾನ ಹೇಳಲು ಬಂದವರೆದುರು ಕೂರುವುದೇ ಕಷ್ಟವಾಗಿತ್ತು. ಈ ಸಲ ಗಟ್ಟಿಯಾಗುವ ತನಕ ಬಾಯಿ ಬಿಡುವುದಿಲ್ಲ ಎಂದು ಗಂಡನಿಂದಲೂ ಮಾತು ತೆಗೆದುಕೊಂಡಿದ್ದೆ. ವಾಂತಿ ಮಾಡಿ ಮಾಡಿ ಸೋತವಳಿಗೆ ಉಪವಾಸ ಬಿಡು ಎಂದು ಡಾಕ್ಟರು ಹೇಳಿದ್ದರು. ಹೊಟ್ಟೆಯಲ್ಲಿ ನಿಲ್ಲುತ್ತಿದ್ದದ್ದು ಸಿಹಿ ಮಾಡಿದ ಕಟ್ಟನ್ ಚಹಾ ಒಂದೇ. ಮಾಮಿ ಕೆಮ್ಮಿದಾಗಲೆಲ್ಲ ಲೋಟ ತೊಳೆದು ಕವುಚಿ ಇಡುತ್ತಿದ್ದೆ.

ಗಂಡನ ಅಕ್ಕ ನಫೀಸತ್ತನಿಗೆ ಕೆಮ್ಮುವ ಅಭ್ಯಾಸ ಇರಲಿಲ್ಲ. ಅವತ್ತು ಸಂಜೆ ನಮ್ಮಲ್ಲಿ ಇಫ್ತಾರಿಗೆ ಕುಟುಂಬದವರೆಲ್ಲ ಬರುವವರಿದ್ದರು. ಸಹಾಯಕ್ಕೆಂದು ಮಧ್ಯಾಹ್ನವೇ ಬಂದವರು ನೇರ ಒಳಗೆ ನುಗ್ಗಿದರು. ಲೋಟ ನನ್ನ ತುಟಿಯಲ್ಲಿತ್ತು.

"ಓಹೋ! ನಿನಗೆ ಇವತ್ತೇ ಪೆರ್ನಾಳಾ?"

ಲೋಟ ಕೆಳಗಿಟ್ಟೆ. ಅಷ್ಟರಲ್ಲಿ ಹಿಂದಿನಿಂದ ಕೆಮ್ಮು ಬಂತು, ಪಾಪ, ಸ್ವಲ್ಪ ತಡವಾಗಿ.

"ಉಮ್ಮಾ, ನೋಡಿ ನಿಮ್ಮ ಸೊಸೆಯ ಚಂದ. ಹೋದ ವಾರ ಇವಳಿಗೆ ನಮಾಜು ಇತ್ತು, ಮೊನ್ನೆಯೂ ಇತ್ತು, ನಾನೇ ನೋಡಿದ್ದೇನೆ."

"ನೀನು ನೋಡಿದ್ದು ಸ್ವಲ್ಪ ಹೆಚ್ಚಾಯಿತು," ಎಂದರು ಮಾಮಿ. "ಅವಳಿಗೆ ಎಂತದೋ ಉಂಟು."

"ಎಂತ ಉಂಟು?"

"ನನಗೆ ಗೊತ್ತಿಲ್ಲ. ನಿನಗೂ ಗೊತ್ತಿಲ್ಲ. ಗೊತ್ತಿಲ್ಲದ್ದು ಇಬ್ಬರಿಗೂ ಒಂದೇ ಅಲ್ಲವಾ? ಮತ್ತೆ ನೀನು ಕೆಟ್ಟದ್ದನ್ನೇ ಯಾಕೆ ಆರಿಸಿಕೊಂಡದ್ದು?"

"ಸಂಜೆ ಎಲ್ಲರೂ ಬರ್ತಾರಲ್ಲ, ಅವರ ಹತ್ತಿರ ಹೇಳ್ತೇನೆ."

"ಹೇಳು. ಅವಳು ಕುಡಿದದ್ದು ಬರೀ ಚಹಾ. ನೀನು ತಿನ್ನಲಿಕ್ಕೆ ಹೊರಟದ್ದು ಎಂತ ಅಂತ ಮದ್ರಸದಲ್ಲಿ ಕಲಿಸಿದ್ದಾರಲ್ಲ ನಿನಗೆ?"

ಒಬ್ಬರ ಬೆನ್ನ ಹಿಂದೆ ಆಡಿಕೊಳ್ಳುವುದು ಸತ್ತ ಸೋದರನ ಮಾಂಸ ತಿಂದ ಹಾಗೆ ಎಂದು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಕಲಿಸುತ್ತಾರೆ. ನಫೀಸತ್ತ ಮುಖ ಊದಿಸಿಕೊಂಡು ಈರುಳ್ಳಿ ಹೆಚ್ಚಲು ಕೂತರು. ಮಾಮಿ ನನ್ನ ಕಡೆಗೆ ತಿರುಗಿ ಏನಾದರೂ ಕೇಳುತ್ತಾರೆ ಎಂದು ಕಾದೆ. ಅವರು ಕೇಳಲಿಲ್ಲ. ಹೋಗುವಾಗ ಕಿವಿಯ ಹತ್ತಿರ ಬಂದು ಹೇಳಿದ್ದು ಇಷ್ಟೇ: "ನಫೀಸನ ಮೇಲೆ ಬೇಜಾರು ಇಟ್ಟುಕೊಳ್ಳಬೇಡ. ಹಸಿವಾದರೆ ಅವಳ ಬಾಯಿ ಜೋರು, ಸಣ್ಣದಿರುವಾಗಲೇ ಹಾಗೆ."

ನೋಡಿ, ಮಗಳಿಗೂ ಒಂದು ನೆಪ ಹುಡುಕಿ ಇಟ್ಟಿದ್ದರು! ಸಂಜೆ ಮನೆ ತುಂಬ ಜನ. ಸಮೋಸ ಹಂಚುತ್ತಿದ್ದ ನಫೀಸತ್ತನ ಬಾಯಿಯನ್ನೇ ನೋಡುತ್ತ ನಾನು ಬೆವರುತ್ತಿದ್ದೆ. ಅವರು ಏನೂ ಹೇಳಲಿಲ್ಲ. ಹೊರಡುವಾಗ ನನ್ನ ತಟ್ಟೆಗೆ ಇನ್ನೊಂದು ಸಮೋಸ ಹಾಕಿ, "ತಿನ್ನು, ಒಣಗಿ ಹೋಗಿದ್ದೀ," ಎಂದರು.

ಪೆರ್ನಾಳ್ ಕಳೆದು, ಹೊಟ್ಟೆ ಗಟ್ಟಿಯಾದ ಮೇಲೆ ಮಾಮಿಗೆ ವಿಷಯ ತಿಳಿಸಿದೆ.

"ಅಲ್‌ಹಮ್ದುಲಿಲ್ಲಾ, ಅದಾ? ನಾನು ಬೇರೆ ಎಂತದೋ ಎಣಿಸಿದ್ದೆ."

"ಎಂತ ಎಣಿಸಿದ್ದು ಮಾಮಿ?"

"ಅದು ಯಾಕೆ ಈಗ? ಒಳ್ಳೆದನ್ನೇ ಎಣಿಸಿದ್ದು."

ಬೇರೆಯವರ ಬಗ್ಗೆ ಒಳ್ಳೆಯ ಅಭಿಪ್ರಾಯ ಇಟ್ಟುಕೊಳ್ಳಬೇಕೆಂದು ಉಸ್ತಾದರು ಉಪದೇಶದಲ್ಲಿ ಹೇಳುವಾಗ ನಾನು ತಲೆಯಾಡಿಸುತ್ತ ಕೇಳುತ್ತೇನೆ. ಅದಕ್ಕೆ ಅರಬಿಯಲ್ಲಿ ಒಂದು ಹೆಸರು ಉಂಟು, ಹುಸ್ನು ಝನ್ನ್. ನನಗೆ ಅದು ಅರ್ಥವಾಗುವುದು ಮಾತ್ರ ನಮ್ಮ ಕಡೆಯ ಮಾತಿನಲ್ಲಿ. ಇಲ್ಲಿ ಎಣಿಸುವುದು ಎಂದರೆ ಲೆಕ್ಕ ಹಾಕುವುದೂ ಹೌದು, ಮನಸ್ಸಿನಲ್ಲಿ ಅಂದುಕೊಳ್ಳುವುದೂ ಹೌದು. ನಫೀಸತ್ತ ನನ್ನ ದಿನಗಳನ್ನು ಎಣಿಸಿದರು. ಮಾಮಿ ಒಳ್ಳೆಯದನ್ನು ಎಣಿಸಿದರು. ಅವರ ಎಣಿಕೆ ಸರಿಯಾಗಿತ್ತೋ ತಪ್ಪಾಗಿತ್ತೋ ಗೊತ್ತಿಲ್ಲ. ಅವರ ಮಾತು ಕೇಳಿದರೆ ತಪ್ಪಿದ ಹಾಗೆಯೇ ಕಾಣುತ್ತದೆ. ಆದರೂ ಆ ತಪ್ಪು ಎಣಿಕೆಯ ನೆರಳಲ್ಲಿ ನಾನು ಆ ತಿಂಗಳು ದಾಟಿದೆ. ಕಾರಣ ಸಿಕ್ಕಿದ ಮೇಲೆ ಒಳ್ಳೆಯದು ಎಣಿಸಲು ಯಾರಿಗೂ ಕಷ್ಟವಿಲ್ಲ. ಸಿಗುವ ಮುಂಚೆ, ಒಂದು ವೇಳೆ ಎಂದೂ ಸಿಗದಿದ್ದರೂ, ಎಣಿಸಬೇಕು. ಕಷ್ಟ ಇರುವುದು ಅಲ್ಲಿ.

ಆ ವರ್ಷ ಹೊಟ್ಟೆಯಲ್ಲಿದ್ದವನೇ ಶಹನಾಳ ಗಂಡ.

ಮೊನ್ನೆ ಬಾಗಿಲಿಗೆ ಹೋಗಿದ್ದ ಕೈಯನ್ನು ಹಿಂದಕ್ಕೆ ತೆಗೆದೆ. ಅವಳೂ ನಾನಿದ್ದ ಹಾಗೆಯೇ ಇರಬಹುದು ಎಂದು ಮನಸ್ಸು ಕೂಡಲೇ ಕುಣಿಯಿತು. ಅದನ್ನೂ ಗದರಿಸಿದೆ, ಆಸೆಯಿಂದಾದರೂ ಅದೂ ಇಣುಕುವುದೇ ತಾನೇ? ನಾಲ್ಕು ಹೆಜ್ಜೆ ಹಿಂದೆ ಹೋಗಿ, ಚಪ್ಪಲಿ ಎಳೆಯುತ್ತ ಮತ್ತೆ ಬಂದೆ, ಉದ್ದಕ್ಕೆ ಕೆಮ್ಮಿದೆ. ಒಳಗೆ ನಲ್ಲಿಯ ನೀರಿನ ಸದ್ದು. ನಾನು ಹೋಗುವಾಗ ಅವಳು ಅಕ್ಕಿ ತೊಳೆಯುತ್ತಿದ್ದಳು. ಲೋಟವೊಂದು ಕವುಚಿ ಇತ್ತು. ನಿನ್ನೆಯೂ ಕೆಮ್ಮಿದೆ.

ನಿನ್ನೆ ಸಂಜೆ ಮಗ್ರಿಬ್ ನಮಾಜು ಮುಗಿಸಿ ಏಳುವಾಗ ನನ್ನ ಮುಂದೆ ಹೊಗೆಯಾಡುವ ಲೋಟ ಬಂದು ಕೂತಿತು.

"ಉಮ್ಮಾ, ಮೊನ್ನೆಯಿಂದ ಕೆಮ್ತಾ ಇದ್ದೀರಲ್ಲ. ಒಳ್ಳೆಮೆಣಸು ಸ್ವಲ್ಪ ಜಾಸ್ತಿ ಆಯ್ತೋ ಏನೋ."

ಬಿಸ್ಮಿ ಹೇಳಿ ಕುಡಿದೆ. ಗಂಟಲಿನಿಂದ ಕಿವಿಯವರೆಗೆ ಉರಿಯಿತು. ತಿಂಗಳಿಡೀ ಇದನ್ನು ಕುಡಿದ ಮಾಮಿಯ ತಾಳ್ಮೆಗೆ ಆಗ ಒಂದು ಸಲಾಂ ಹೇಳಿದೆ.

"ಹೇಗುಂಟು ಉಮ್ಮಾ?"

"ಒಳ್ಳೆದುಂಟು ಮಗಳೇ. ನಾಳೆಗೂ ಮಾಡು. ಈ ಕೆಮ್ಮು ಪೆರ್ನಾಳ್ ಕಳೆಯದೆ ಬಿಡುವಂಥದ್ದಲ್ಲ."