ಅತ್ತೆಯ ಕಾರಿನ ಮಂಕು ದೀಪ

ಸೋಫಾದ ಮೇಲೆ ಕೂತಿದ್ದಾಗಲೂ ನಮ್ಮತ್ತೆಯ ಬಲಗಾಲು ಕಾರು ಓಡಿಸುತ್ತಲೇ ಇರುತ್ತಿತ್ತು. ಹಿಮ್ಮಡಿಯನ್ನು ನೆಲಕ್ಕೂರಿ ಮುಂಗಾಲನ್ನು ಮೆಲ್ಲಗೆ ಒತ್ತುವುದು, ಬಿಡುವುದು, ಮತ್ತೆ ಒತ್ತುವುದು. ಟಿ.ವಿ.ಯಲ್ಲಿ ಧಾರಾವಾಹಿ ಬರುತ್ತಿರಲಿ, ಮನೆಗೆ ಬಂದ ನೆಂಟರು ಎದುರು ಕೂತು ಮಾತಾಡುತ್ತಿರಲಿ, ಆ ಕಾಲಿಗೆ ಬಿಡುವಿರಲಿಲ್ಲ. ಮದುವೆಯಾಗಿ ಬನಶಂಕರಿಯ ಆ ಮನೆಗೆ ಬಂದ ಹೊಸತರಲ್ಲಿ, ಇವರಿಗೆ ನನ್ನ ಮೇಲೇನೋ ಸಿಟ್ಟಿರಬೇಕು ಎಂದುಕೊಂಡಿದ್ದೆ. ಒಂದು ಕಡೆ ಕೂರುವುದು ಅವರಿಗೆ ಬರುವುದೇ ಇಲ್ಲ ಎಂದು ಆಮೇಲೆ ಗೊತ್ತಾಯಿತು.

ಕೊತ್ತಂಬರಿ ಸೊಪ್ಪು ತರಲೂ ಕಾರು ತೆಗೆಯುತ್ತಿದ್ದರು. ಅನ್ನಕ್ಕಿಟ್ಟ ಕುಕ್ಕರ್ ಮೂರನೆಯ ಸಲ ಕೂಗುವುದರೊಳಗೆ ಮಹಡಿಯ ಬಟ್ಟೆ ಎತ್ತಿ, ಗಿಡಗಳಿಗೆ ನೀರು ಹಾಕಿ, ಅಕ್ಕಪಕ್ಕದವರ ಕ್ಷೇಮ ವಿಚಾರಿಸಿಕೊಂಡು ಬಂದಿರುತ್ತಿದ್ದರು. ಕೆಲಸದಲ್ಲಿದ್ದಷ್ಟು ಕಾಲವೂ ಟೆಲಿಫೋನ್ ಎಕ್ಸ್‌ಚೇಂಜಿನ ದೂರು ವಿಭಾಗದಲ್ಲಿದ್ದವರು. ಫೋನು ಸತ್ತಿದೆ ಎಂದು ರೇಗುವವರಿಗೆ ಒಂದೊಂದೇ ಪ್ರಶ್ನೆ ಕೇಳಿ, ಕೆಟ್ಟಿರುವುದು ಎಲ್ಲಿ ಎಂದು ಹುಡುಕುವುದು ಅವರ ಕೆಲಸವಾಗಿತ್ತು. ನಿವೃತ್ತರಾದ ಮೇಲೂ ಆ ಚಾಳಿ ಹೋಗಲಿಲ್ಲ. ಮಿಕ್ಸಿ ನಿಂತರೆ ನನಗೆ ಪಾಠ ಶುರು: “ಮೊದ್ಲು ಪ್ಲಗ್ ಬೇರೆ ಕಡೆ ಹಾಕಿ ನೋಡು. ಒಂದ್ಸಲಕ್ಕೆ ಒಂದೇ ಬದಲಾಯಿಸ್ಬೇಕು ಕಣೇ. ಎರಡು ಒಟ್ಟಿಗೆ ಬದಲಾಯಿಸಿದ್ರೆ ಯಾವುದ್ರಿಂದ ಸರಿಹೋಯ್ತು ಅಂತ ಆ ದೇವರಿಗೂ ಗೊತ್ತಾಗಲ್ಲ.”

ಅವರ ಕಾರು ಜಯನಗರದ ಡಾಕ್ಟರೊಬ್ಬರು ಓಡಿಸಿ ಮಾರಿದ್ದು. ಅದನ್ನು ಅವರು ಒಪ್ಪಿದ್ದೇ ಹೆಡ್‌ಲೈಟ್ ನೋಡಿ. ಮಾಮೂಲಿ ಬಲ್ಬಲ್ಲ, ಝೆನಾನ್. ಒಳಗೆ ಉರಿಯುವ ತಂತಿಯೇ ಇಲ್ಲ. ಗಾಜಿನ ಗುಳ್ಳೆಯೊಳಗಿನ ಅನಿಲವೇ ಬೆಳಗುತ್ತದೆ. ಹಾಲು ಚೆಲ್ಲಿದ ಹಾಗೆ ರಸ್ತೆಯ ಮೇಲೆ ಬೆಳಕು ಬೀಳುತ್ತಿತ್ತು. ಕತ್ತಲಲ್ಲಿ ಓಡಿಸುವ ಕೆಲಸ ಅವರಿಗೆ ದಿನವೂ ಇತ್ತು. ಜೆ.ಪಿ. ನಗರದಲ್ಲಿದ್ದ ಅವರ ತಂಗಿ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಿದ್ದರು. ಹಗಲು ನೋಡಿಕೊಳ್ಳುವಾಕೆ ಸಂಜೆ ಹೊರಟುಬಿಡುತ್ತಿದ್ದಳು, ಮಗ ಕೆಲಸದಿಂದ ಬರುವುದು ತಡ. ನಡುವಿನ ಹೊತ್ತಿಗೆ ಅತ್ತೆ ಊಟದ ಕ್ಯಾರಿಯರ್ ಹಿಡಿದು ಹೋಗಿ, ತಂಗಿಗೆ ತಾವೇ ತುತ್ತು ಮಾಡಿ ತಿನ್ನಿಸಿ, ಕತ್ತಲಾದ ಮೇಲೆ ವಾಪಸಾಗುತ್ತಿದ್ದರು. ಬೇರೆಯವರ ಕೈಯಲ್ಲಿ ಆ ತಂಗಿ ಎರಡು ತುತ್ತಿನ ಮೇಲೆ ತಿನ್ನುತ್ತಿರಲಿಲ್ಲ. ಗೇಟು ತೆಗೆಯುವ ಸದ್ದಾಗುವವರೆಗೂ ನಾನು ಅಡುಗೆಮನೆಗೂ ಕಿಟಕಿಗೂ ಓಡಾಡುತ್ತಿದ್ದೆ.

ಒಂದು ಸಂಜೆ ಆ ಸದ್ದಾಯಿತು, ಆದರೆ ಅತ್ತೆ ಒಳಗೆ ಬರಲಿಲ್ಲ. ಹೋಗಿ ನೋಡಿದರೆ ಸ್ಟೀರಿಂಗ್ ಹಿಡಿದು ಹಾಗೇ ಕೂತಿದ್ದಾರೆ. ಹೊಸಕೆರೆಹಳ್ಳಿ ಕೆರೆಯ ಬದಿಯ ರಸ್ತೆಯಲ್ಲಿ ಒಬ್ಬ ಮುದುಕ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದನಂತೆ. ತೀರಾ ಹತ್ತಿರ ಬರುವವರೆಗೂ ಕಾಣಲಿಲ್ಲ. ಬ್ರೇಕ್ ಹಾಕಿದಾಗ ಅವನ ಸೈಕಲ್ಲಿನ ಹಿಂದಿನ ಚಕ್ರಕ್ಕೂ ಕಾರಿಗೂ ನಡುವೆ ಒಂದು ಗೇಣೂ ಇರಲಿಲ್ಲ. ಒಳಗೆ ಬಂದು ಒಂದು ಲೋಟ ನೀರು ಕುಡಿದರು.

“ಲೈಟು ಮಂಕಾಗಿದೆ ಕಣೋ,” ಎಂದರು ಮಗನಿಗೆ.

“ಲೈಟಲ್ಲಮ್ಮ, ನಿನ್ ಕಣ್ಣು,” ಎಂದ ನನ್ನ ಗಂಡ. ಅವನೂ ಹೆದರಿದ್ದ. “ಕೀ ಇಲ್ಲಿ ಕೊಡು. ನಾಳೆಯಿಂದ ಆಟೋದಲ್ಲಿ ಹೋಗು.”

“ಕನ್ನಡಕ ಈಗ ತಾನೇ ಬದಲಾಯಿಸಿದೀನಿ.” ಅವರು ಎದ್ದು ನಿಂತರು. “ಕಣ್ಣಾದ್ರೆ ಕೀ ನಾನೇ ಕೊಡ್ತೀನಿ. ಲೈಟಾದ್ರೆ ಕೊಡಲ್ಲ. ಯಾವುದು ಅಂತ ಗೊತ್ತಾಗೋವರೆಗೂ ಕತ್ತಲಾದ್ಮೇಲೆ ಓಡಿಸಲ್ಲ, ಆಟೋ. ಆಯ್ತಾ?”

ಮರುದಿನ ದೀಪ ಹಚ್ಚುವ ಹೊತ್ತಿಗೆ ನನ್ನನ್ನು ಕರೆದರು. ಎದುರಿನ ಖಾಲಿ ಸೈಟಿನ ಕಾಂಪೌಂಡ್ ಗೋಡೆಗೆ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಅಂಟಿಸಿದ್ದರು. ದೊಡ್ಡ ಅಂಕಿಗಳು, ಕೆಳಗೆ ಸಣ್ಣಕ್ಷರದಲ್ಲಿ ತಿಥಿ, ನಕ್ಷತ್ರ. ಕಾರನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ ಹೆಡ್‌ಲೈಟ್ ಹಾಕಿದರು. “ಪಕ್ಕದಲ್ಲಿ ಕೂತ್ಕೋ. ನಿನ್ನದು ಚಿಕ್ಕ ವಯಸ್ಸಿನ ಕಣ್ಣು. ಕಾಣೋದನ್ನ ಕಂಡಷ್ಟೇ ಹೇಳ್ಬೇಕು, ನನ್ನ ಮುಖ ನೋಡ್ಕೊಂಡು ಹೇಳ್ಬೇಡ.”

ದೊಡ್ಡ ಅಂಕಿಗಳು ನನಗೂ ಕಷ್ಟಪಟ್ಟೇ ಕಂಡವು. ತಿಥಿ ಕಾಣಲಿಲ್ಲ. ಬೆಳಕು ನಿಜವಾಗಿಯೂ ಮಂಕಾಗಿತ್ತು, ಸ್ವಲ್ಪ ನೇರಳೆ ಬಣ್ಣಕ್ಕೂ ತಿರುಗಿತ್ತು. ಅದನ್ನು ಹೇಳಿದ ಕೂಡಲೇ ಅತ್ತೆಯ ಮುಖ ಅರಳಿತು. “ನೋಡ್ದ್ಯಾ? ನಿನ್ ಗಂಡಂಗೆ ಹೇಳು.”

ಆ ವಾರ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ವಿಲ್ಸನ್ ಗಾರ್ಡನ್ನಿನಲ್ಲಿ ಅವರಿಗೆ ಗೊತ್ತಿದ್ದ ಒಬ್ಬ ಕಾರ್ ಎಲೆಕ್ಟ್ರಿಷಿಯನ್ ಇದ್ದ. ಹಗಲು ಅವನ ಅಂಗಡಿಗೆ ಹೋಗುವುದು, ಸಂಜೆ ಗೋಡೆಯೆದುರು ನಾವಿಬ್ಬರೂ ಕೂರುವುದು, ಆಮೇಲೆ ಆಟೋ ಹಿಡಿದು ತಂಗಿಯ ಮನೆಗೆ ಓಡುವುದು. ಮೊದಲು ದೀಪದ ಮುಂದಿನ ಹಳದಿಗಟ್ಟಿದ ಪ್ಲಾಸ್ಟಿಕ್ಕನ್ನು ಉಜ್ಜಿ ಪಾಲಿಶ್ ಮಾಡಿಸಿದರು. ಅಂದು ಸಂಜೆ ನನಗೆ ಅಂಕಿಗಳು ತುಸು ಸಲೀಸಾಗಿ ಕಂಡವು. ಅತ್ತೆ ನನ್ನ ಕಡೆ ತಿರುಗಿ, “ಪರವಾಗಿಲ್ಲ ಅನ್ಸುತ್ತೆ, ಅಲ್ವಾ?” ಎಂದರು. ಮರುದಿನ ಬ್ಯಾಟರಿಯಿಂದ ಬರುವ ಕರೆಂಟು ನೋಡಿಸಿದರು. ಸರಿಯಾಗಿತ್ತು. ಆಮೇಲೆ ಎಡಗಡೆಯ ಬಲ್ಬನ್ನು ಬಲಕ್ಕೆ, ಬಲಗಡೆಯದನ್ನು ಎಡಕ್ಕೆ ಹಾಕಿಸಿದರು. ಮಂಕು ಬಲ್ಬಿನ ಜೊತೆಗೆ ಹೋದರೆ ತಪ್ಪು ಬಲ್ಬಿನದು, ಹೋಗದಿದ್ದರೆ ಅದಕ್ಕೆ ಕರೆಂಟು ಏರಿಸಿಕೊಡುವ ಪೆಟ್ಟಿಗೆಯದು ಎಂಬುದು ಲೆಕ್ಕ. ಏನೂ ಬದಲಾಗಲಿಲ್ಲ. ಎರಡೂ ಕಡೆ ಒಂದೇ ಮಂಕು.

“ಎರಡೂ ಒಟ್ಟಿಗೇ ಹಳೇದಾಗಿದಾವಮ್ಮ,” ಎಂದ ಎಲೆಕ್ಟ್ರಿಷಿಯನ್. “ಒಂದೇ ಹೋಗಿದ್ರೆ ನಿಮಗೆ ಆವತ್ತೇ ಗೊತ್ತಾಗ್ತಿತ್ತು. ಝೆನಾನ್ ಹಿಂಗೇ, ಪಟ್ ಅಂತ ಹೋಗಲ್ಲ. ದಿನಾ ಚೂರು ಚೂರು ಇಳೀತಾ ಹೋಗತ್ತೆ. ಜೋಡಿನೇ ಹಾಕ್ಸಿ.”

ಹೊಸ ಜೋಡಿ ಬರಲು ಕೆಲವು ದಿನ ಹಿಡಿಯಿತು. ಆ ದಿನಗಳಲ್ಲಿ ಅತ್ತೆಯನ್ನು ಸಂಭಾಳಿಸುವುದು ಕಷ್ಟವಾಯಿತು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದರು. ಆಟೋದವರು ಬರುವುದಿಲ್ಲ ಎಂದಾಗಲೆಲ್ಲ ನನ್ನ ಗಂಡನ ಮೇಲೆ ರೇಗಿದರು. ತಂಗಿಯ ಮನೆಗೆ ತಡವಾಗಿ ತಲುಪಿದ ದಿನ, “ಅವಳು ಬಾಗಿಲು ನೋಡ್ತಾ ಮಲಗಿದ್ಲು ಕಣೇ,” ಎಂದು ಹೇಳಿ, ಊಟ ಮಾಡದೆ ಎದ್ದುಹೋದರು.

ಬಲ್ಬು ಹಾಕಿಸಿಕೊಂಡು ಬಂದ ಸಂಜೆ ಅವರ ನಡಿಗೆಯೇ ಬೇರೆಯಾಗಿತ್ತು. ಕೊನೆಗೆ ಗೊತ್ತುಮಾಡಿಕೊಂಡಿದ್ದ ಆಟೋದವನಿಗೆ ಬರುವುದು ಬೇಡ ಎಂದು ಮೊದಲೇ ಹೇಳಿಬಿಟ್ಟಿದ್ದರು. ಕ್ಯಾರಿಯರನ್ನು ಹಿಂದಿನ ಸೀಟಿನಲ್ಲಿಟ್ಟು, ಗೋಡೆಯೆದುರು ಕಾರು ನಿಲ್ಲಿಸಿ, ದೀಪ ಹಾಕಿದರು. ಗೋಡೆ ಝಗ್ಗನೆ ಬೆಳ್ಳಗಾಯಿತು. ನಾನು ಕೂಗಿಯೇಬಿಟ್ಟೆ. “ಅತ್ತೆ, ತಿಥಿ ಕೂಡ ಕಾಣ್ತಿದೆ! ಏಕಾದಶಿ, ಅದರ ಪಕ್ಕ ದ್ವಾದಶಿ...”

ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಇಳಿದು ಗೋಡೆಯ ಕಡೆ ನಡೆದರು. ನಡೆಯುತ್ತಲೇ ಹೋಗಿ, ಹಾಳೆಗೆ ತೀರಾ ಸಮೀಪದಲ್ಲಿ ನಿಂತು ತಿಥಿ ಓದಿದರು. ಅಲ್ಲಿಂದ ತಿರುಗಿ ನಾನು ಕೂತಿದ್ದ ಜಾಗದವರೆಗಿನ ದೂರವನ್ನು ನೋಡಿದರು. ಆ ಬೆಳಕಿನಲ್ಲಿ ಅವರ ಮುಖ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಅಷ್ಟು ಹೊತ್ತು ಅವರು ಅಲುಗಾಡದೆ ನಿಂತದ್ದನ್ನು ನಾನು ಅದೇ ಮೊದಲು ನೋಡಿದ್ದು. ನನಗೆ ಕಂಡದ್ದನ್ನು ಅಷ್ಟು ಜೋರಾಗಿ ಕೂಗಿ ಹೇಳಬಾರದಿತ್ತು ಎನ್ನಿಸಿತು. ಸುಮ್ಮನಿದ್ದಿದ್ದರೆ ಅವರೂ ಸುಮ್ಮನೆ ಹೊರಟುಬಿಡಬಹುದಿತ್ತು. ಅವರಿಗೆ ಕಂಡದ್ದು ಎಷ್ಟು ಎಂದು ಕೇಳುವವರು ಯಾರೂ ಅಲ್ಲಿರಲಿಲ್ಲ.

ವಾಪಸು ಬಂದು ನನ್ನ ಕಡೆಯ ಬಾಗಿಲು ತೆಗೆದರು. “ನೀನು ಆ ಕಡೆ ಹೋಗು.”

“ಅತ್ತೆ, ನಾನು ಓಡಿಸಿ ಎಷ್ಟೋ ವರ್ಷ ಆಯ್ತು. ಲೈಸೆನ್ಸ್ ತಗೊಂಡಿದ್ದಷ್ಟೇ.”

“ಸಾಕು. ಅವಳು ಹಸ್ಕೊಂಡಿರ್ತಾಳೆ.”

ಜೆ.ಪಿ. ನಗರದವರೆಗೂ ನಾನು ಬೆವೆತುಕೊಂಡೇ ಓಡಿಸಿದೆ. ಮೂರು ಕಡೆ ಗಾಡಿ ನಿಂತುಹೋಯಿತು, ಹಿಂದಿನವರು ಬೈದರು. ಅತ್ತೆ ಒಂದು ಸಲವೂ ಗದರಲಿಲ್ಲ. “ಮೆಲ್ಲಗೆ ಹೋಗು. ಬೈಯೋರು ಬೈಲಿ, ಅವರಿಗೂ ಮನೆ ಸೇರೋ ಅವಸರ,” ಎಂದರು. ತಂಗಿಗೆ ಊಟ ಮಾಡಿಸಿ ಮನೆಗೆ ಬಂದ ಮೇಲೆ ಮಗನ ಮುಂದೆ ಕೀ ಇಟ್ಟರು. “ಲೈಟೂ ಹೋಗಿತ್ತು, ಕಣ್ಣೂ ಹೋಗಿದೆ. ನೀನೂ ಸರಿ, ನಾನೂ ಸರಿ.” ಅವನಿಗೆ ಗೆದ್ದೆ ಎನ್ನಿಸಲಿಲ್ಲ. ಎದ್ದು ಹೋಗಿ ತಾಯಿಯ ಪಕ್ಕ ಕೂತ.

ಕಣ್ಣಿನ ಡಾಕ್ಟರು, ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಸವೆದಿದೆ ಎಂದರು. ಹೋದ ದೃಷ್ಟಿ ಬರುವುದಿಲ್ಲ, ಔಷಧಿ ಹಾಕಿಕೊಂಡರೆ ಉಳಿದದ್ದನ್ನು ಕಾಪಾಡಿಕೊಳ್ಳಬಹುದು. ಇನ್ನು ಕಾರು ಓಡಿಸುವುದು ಬೇಡ. ಅತ್ತೆ ಡಾಕ್ಟರರ ಮುಂದೆ ತಲೆಯಾಡಿಸಿದರು, ಮನೆಗೆ ಬಂದು ಇಡೀ ಮಧ್ಯಾಹ್ನ ಮಹಡಿಯ ಮೇಲೆ ಶತಪಥ ಹಾಕಿದರು. ಸಂಜೆಯಾದಾಗ ಕ್ಯಾರಿಯರ್ ಹಿಡಿದು ನನ್ನ ಪಕ್ಕ ಬಂದು ಕೂತರು.

ಅಲ್ಲಿಂದ ಮುಂದೆ, ಆ ತಂಗಿ ತೀರಿಕೊಳ್ಳುವವರೆಗೂ, ಸಂಜೆಗಳು ನಮ್ಮಿಬ್ಬರವಾದವು. ಮನೆಯೊಳಗೆ ನಾವು ಅತ್ತೆ ಸೊಸೆಯರೇ. ಉಪ್ಪು ಹೆಚ್ಚಾಯಿತು, ಹಾಲು ಉಕ್ಕಿತು ಎಂದು ಮುಖ ಊದಿಸಿಕೊಳ್ಳುವವರು. ಕಾರಿನಲ್ಲಿ ಅವರು ಬೇರೆಯೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಫೋನಿನಲ್ಲಿ ಬೈಸಿಕೊಂಡು ಬಾತ್‌ರೂಮಿನಲ್ಲಿ ಅತ್ತದ್ದು, ಗಂಡ ಹೋದ ಮೇಲೆ ಮನೆಯಲ್ಲಿ ಸುಮ್ಮನೆ ಕೂರಲು ಹೆದರಿ ಡ್ರೈವಿಂಗ್ ಕಲಿತದ್ದು, ಎಲ್ಲವನ್ನೂ ರಸ್ತೆ ನೋಡುತ್ತಲೇ ಹೇಳಿದರು.

ಕಳೆದ ವರ್ಷ ಒಂದು ಮಧ್ಯಾಹ್ನ ಅವರಿಗೆ ಉಸಿರು ಕಟ್ಟಿತು. ಗಂಡ ಆಫೀಸಿನಲ್ಲಿದ್ದ, ಆಂಬುಲೆನ್ಸ್ ಎಲ್ಲೋ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತ್ತು. ಪಕ್ಕದ ಮನೆಯವರ ಸಹಾಯದಿಂದ ಅವರನ್ನು ಕಾರಿನಲ್ಲಿ ಕೂರಿಸಿ, ಸಂದುಗಳಲ್ಲಿ ನುಗ್ಗಿ, ಜಯನಗರದ ಆಸ್ಪತ್ರೆ ಮುಟ್ಟಿಸಿದೆ. ದಾರಿಯುದ್ದಕ್ಕೂ ಅವರು ನನ್ನ ಭುಜದ ಮೇಲೆ ಕೈಯಿಟ್ಟುಕೊಂಡಿದ್ದರು. ಇನ್ನು ಸ್ವಲ್ಪ ತಡವಾಗಿದ್ದರೂ ಕಷ್ಟವಿತ್ತು ಎಂದರು ಡಾಕ್ಟರು. ಅತ್ತೆ ಆಸ್ಪತ್ರೆಯಿಂದ ಮತ್ತೆ ಮನೆಗೆ ಮರಳಲಿಲ್ಲ. ಆದರೆ ಕೆಲವು ದಿನ ಪ್ರಜ್ಞೆಯಿತ್ತು, ಮಾತಿತ್ತು. ಮಗ ಅವರ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡು ಕೂತಿರುತ್ತಿದ್ದ. ಅವರು ಅವನ ಬಾಲ್ಯದ ಕಥೆ ಹೇಳಿ ನಗಿಸುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ಅವರಿಬ್ಬರಿಗೂ ಆ ದಿನಗಳು ಸಿಕ್ಕಿದ್ದು ನನ್ನಿಂದ ಎಂದು ನೆಂಟರು ಈಗಲೂ ಹೇಳುತ್ತಾರೆ. ನಾನು ಆಗೆಲ್ಲ, ನನಗೆ ಓಡಿಸಲು ಕಲಿಸಿದ್ದು ಅತ್ತೆ ಎನ್ನುತ್ತೇನೆ.