ಗೈಡಿನ ಗೈಡು

ಕುಳಿತಲ್ಲಿ ಕೂರಲಾರದ ಮನುಷ್ಯ ಪಿಎಚ್.ಡಿ. ಗೈಡ್ ಆಗಬಾರದು. ನಾನು ಆಗಿದ್ದೇನೆ. ಮೂಡುಬಿದಿರೆಯ ನಮ್ಮ ಪ್ರಯೋಗಾಲಯದಲ್ಲಿ ಯಾರಾದರೂ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ ಸಾಕು, ಹಿಂದೆ ಹೋಗಿ ನಿಂತು "ಏನು ಕಂಡಿತು?" ಎನ್ನುತ್ತೇನೆ. ಕಾಣಲಿಕ್ಕೆ ನಾನು ಬಿಟ್ಟರೆ ತಾನೇ?

ಗೈಡುಗಳಲ್ಲಿ ಹಲವು ಬಗೆ. ಕೆಲವರು ವಿದ್ಯಾರ್ಥಿಗಳಿಂದ ತರಕಾರಿ ತರಿಸುತ್ತಾರೆ. ಕೆಲವರು ಕೈಗೇ ಸಿಗುವುದಿಲ್ಲ. ಇವರನ್ನು ಕೆಟ್ಟವರೆಂದು ಗುರುತಿಸುವುದು ಸುಲಭ. ವಿದ್ಯಾರ್ಥಿಗೆ ಒಳ್ಳೆಯದಾಗಲಿ ಎಂದು ಚಡಪಡಿಸುತ್ತಲೇ ಕೆಲಸ ಕೆಡಿಸುವ ನನ್ನಂಥವರನ್ನು ಯಾವ ಸಾಲಿಗೆ ಸೇರಿಸಬೇಕೋ ತಿಳಿಯದು.

ನನ್ನ ವಿದ್ಯಾರ್ಥಿನಿ, ಫರಂಗಿಪೇಟೆಯ ಸಫಿಯಾ, ಮುಂಡಾಜೆಯ ಹೊಳೆಯ ಒಂದು ಪುಟ್ಟ ಮೀನು ಏನು ತಿನ್ನುತ್ತದೆಂದು ಸಂಶೋಧಿಸಿದವಳು. ಪಾಚಿ ಮಾತ್ರ ಎಂದು ಹಿಂದೆ ಬರೆದವರು ನನ್ನ ಗೈಡ್. ಅವಳಿಗೆ ಮೀನಿನ ಹೊಟ್ಟೆಯಲ್ಲಿ ಹುಳುಗಳು ಸಿಕ್ಕಿದವು. ಮತ್ತೆ ನೋಡೆಂದೆ, ಮತ್ತೆ ಹುಳು. ಥೀಸಿಸ್ ಸಲ್ಲಿಸುವ ಗಡುವು ತಿಂಗಳ ಕೊನೆಗೆ. ಅದಕ್ಕೂ ಮೊದಲು ಗೈಡಿನ ಗೈಡಿಗೆ ತೋರಿಸಿ ಆಶೀರ್ವಾದ ಪಡೆಯುವುದು ನಮ್ಮ ವಿಭಾಗದ ಪದ್ಧತಿ. ಹಳೆಯ ತೀರ್ಮಾನ ತಪ್ಪು ಎಂದಿದ್ದ ಅವಳ ವಾಕ್ಯ ತೆಗೆದು, "ಹೆಚ್ಚಿನ ಅಧ್ಯಯನ ಅಗತ್ಯ" ಎಂದು ತಿದ್ದಿಬಿಟ್ಟೆ.

"ಅಧ್ಯಯನ ನಾನೇ ಮಾಡಿದ್ದೇನಲ್ಲ ಸರ್?" ಎಂದಳು. ನಾನು ಗುರುಗಳಿಗೆಂದು ಹಣ್ಣು ಕೊಳ್ಳಲು ಹೊರಟೆ.

ಬಂಟ್ವಾಳದ ಮನೆಯ ಜಗಲಿಯಲ್ಲಿ ಗುರುಗಳು ಓದುತ್ತಿದ್ದಷ್ಟು ಹೊತ್ತೂ ನಾನು ಕುರ್ಚಿ ಬದಲಾಯಿಸುತ್ತಲೇ ಇದ್ದೆ. ಕೊನೆಗೆ ಅವರು ತಲೆಯೆತ್ತಿ ಸಫಿಯಾಳನ್ನು ಕೇಳಿದರು.

"ನೀನು ಮೀನು ಹಿಡಿದದ್ದು ಯಾವಾಗ?"

"ಬೆಳಕು ಹರಿಯುವಾಗ ಸರ್. ರಾತ್ರಿ ಅಲ್ಲೇ ಗೆಳತಿಯ ಮನೆಯಲ್ಲಿ ನಿಂತಿದ್ದೆ. ಮಧ್ಯಾಹ್ನವೂ ಹಿಡಿದೆ, ಆಗ ಪಾಚಿ ಮಾತ್ರ."

ಅವರು ಗೊಳ್ಳೆಂದು ನಕ್ಕರು. "ನಮಗೆ ಇದ್ದದ್ದೇ ಮಧ್ಯಾಹ್ನದ ಬಸ್ಸು ಮಾರಾಯ್ತಿ! ಬೆಳಿಗ್ಗೆ ಅದು ಏನು ತಿಂತದೆ ಅಂತ ನಾವು ಕೇಳಲೇ ಇಲ್ಲ."

ಆಮೇಲೆ ನನ್ನ ವಾಕ್ಯದ ಮೇಲೆ ಬೆರಳಿಟ್ಟರು. "ಇದು ಯಾರದ್ದು?"

"ನನ್ನದು ಸರ್. ನಿಮಗೆ ಬೇಸರ ಆಗ್ಬಾರ್ದು ಅಂತ..."

"ಬೇಸರ ಉಂಟು. ಆದರೆ ನನ್ನ ಬೇಸರಕ್ಕೆ ಇವಳ ಥೀಸಿಸಿನಲ್ಲಿ ಯಾಕೆ ಜಾಗ?"

ಪೆನ್ನನ್ನು ಸಫಿಯಾಳ ಕೈಗೆ ಕೊಟ್ಟರು. ಅವಳು ನನ್ನ ವಾಕ್ಯಕ್ಕೆ ಗೀಟೆಳೆದು ತನ್ನದನ್ನು ಮತ್ತೆ ಬರೆದಳು. ನನ್ನ ಎದೆಯ ಭಾರ ಇಳಿಯಿತು. ಇಷ್ಟು ದೊಡ್ಡ ಮನಸ್ಸು ನನಗೆ ಯಾವಾಗ ಬಂದೀತೋ ಎಂದು ಸ್ವಲ್ಪ ಹೊಟ್ಟೆಯುರಿಯೂ ಆಯಿತು.

ಹೊರಡುವಾಗ ಗುರುಗಳು ನನ್ನ ಹೆಗಲ ಮೇಲೆ ಕೈಯಿಟ್ಟರು. "ನೀನೂ ಎಲ್ಲಿಯಾದರೂ ತಪ್ಪು ಬರೆದಿರ್ತೀ ಅಲ್ವಾ? ಅದನ್ನು ಹುಡುಕಲಿಕ್ಕೆ ಇವಳಂಥ ಒಬ್ಬಳನ್ನು ಬೇಗ ಸೇರಿಸಿಕೋ. ನಾನಿರುವಾಗಲೇ ಆ ಥೀಸಿಸನ್ನೊಮ್ಮೆ ಓದಬೇಕು."