ಒರಳಿಗೆ ತಾಗಿದ ದೃಷ್ಟಿ

ನಮ್ಮ ವಿಜ್ಞಾನದ ಅಕ್ಕೋರು ಯಾರ ಮಾತನ್ನೂ ಸುಳ್ಳು ಎಂದವರಲ್ಲ. ಸೀಮೆಸುಣ್ಣದ ಪುಡಿ ಮೆತ್ತಿದ ಕೈಯಾದ್ದರಿಂದ, ಜಾರಿದ ಕನ್ನಡಕವನ್ನು ಮುಂಗೈಯಿಂದ ಮೇಲೇರಿಸಿ, “ನೋಡೋಣೇನು?” ಎನ್ನುತ್ತಿದ್ದರು, ಅಷ್ಟೇ.

ತಂಗಿಗೆ ಮೂರು ದಿನದಿಂದ ಜ್ವರ. ನಾನು ಶಾಲೆಗೆ ಬಾರದ್ದು ಕಂಡು ಅವರು ಬ್ಯಾಡಗಿಯ ನಮ್ಮ ಮನೆಗೇ ಬಂದರು. ಅಂಗಳದಲ್ಲಿ ಅಜ್ಜಿ ಚೀಲದಿಂದ ಒಣಮೆಣಸಿನಕಾಯಿ ತೆಗೆದು ಮಗುವಿಗೆ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಯಾರೂ ಕೆಮ್ಮಲಿಲ್ಲ.

“ಘಾಟ ಬರಲಿಲ್ಲ ನೋಡ್ರಿ, ದೃಷ್ಟಿ ಆಗೇತಿ. ದವಾಖಾನಿ ಯಾಕ?”

ಅಕ್ಕೋರು ನಗಲಿಲ್ಲ. ಅದೇ ಚೀಲದಿಂದ ಒಂದು ಹಿಡಿ ಕಾಯಿ ತೆಗೆದು ಅಜ್ಜಿಯ ಕೈಗಿಟ್ಟರು. “ಈ ಒರಳಿಗೂ ನಿವಾಳಿಸಿ ನೋಡೋಣೇನ್ರಿ?”

ಅಜ್ಜಿ ಒರಳುಕಲ್ಲಿಗೆ ನಿವಾಳಿಸಿ ಸುಟ್ಟಳು. ಆಗಲೂ ಯಾರೂ ಕೆಮ್ಮಲಿಲ್ಲ. ಜೀವನವಿಡೀ ಅದೇ ಕಾಯಿಯ ತೊಟ್ಟು ಬಿಡಿಸಿ ಕೆಂಪಾದ ತನ್ನ ಬೆರಳುಗಳನ್ನು ಆಕೆ ಬಹಳ ಹೊತ್ತು ನೋಡಿಕೊಂಡಳು.

“ಕಲ್ಲಿಗೆ ಯಾರ ದೃಷ್ಟಿ ಆದೀತ್ರಿ? ನಮ್ಮ ಬ್ಯಾಡಗಿ ಕಾಯಿಗೆ ಬಣ್ಣ ಐತಿ, ಖಾರ ಎಲ್ಲೈತಿ? ಇದು ನನಗ ಗೊತ್ತಿದ್ದದ್ದ ಅಲ್ಲೇನು!” ಎಂದವಳೇ ತಂಗಿಯನ್ನು ಎತ್ತಿಕೊಂಡು ಚಪ್ಪಲಿ ಮೆಟ್ಟಿದಳು.

ದವಾಖಾನೆಯಲ್ಲಿ ಔಷಧ ಕುಡಿದ ತಂಗಿ ಮರಳುವಾಗ ಆಟೋದಲ್ಲೇ ನಿದ್ದೆ ಹೋದಳು. ಅಜ್ಜಿಯ ಕಣ್ಣು ಮಾತ್ರ ಆಟೋದ ಮುಂದೆ ತೂಗುತ್ತಿದ್ದ ಲಿಂಬೆಹಣ್ಣು, ಮೆಣಸಿನಕಾಯಿಯ ಮೇಲೆಯೇ ಇತ್ತು. ಮನೆ ಮುಂದೆ ಇಳಿದವಳೇ ಅಜ್ಜಿ ಚಾಲಕನನ್ನು ಕೇಳಿಯೇಬಿಟ್ಟಳು:

“ಇದನ್ನ ನಾಕ ದಿನ ಬಿಚ್ಚಿಟ್ಟು ನೋಡೋಣೇನಪ್ಪ?”